ಆಗಸದ ಆರ್ಭಟ, ನೆಲದ ನೆಮ್ಮದಿ

ವಿಮಾನ ನಿಲ್ದಾಣದ ನೆರೆಯಲ್ಲಿ ಒಂದು ಶಾಲೆ. ಉಪಾಧ್ಯಾಯರು ಪಾಠ ಹೇಳುತ್ತಿದ್ದಾರೆ. ಮಕ್ಕಳು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಾರೆ. ಅಷ್ಟರಲ್ಲಿ ದೂರದಿಂದ ಗುಡುಗಿನಂಥ ಸದ್ದೊಂದು ಹೊರಟು, ಕ್ಷಣಕ್ಷಣಕ್ಕೂ ಬೆಳೆದು, ಶಾಲೆಯ ಮಾಡಿನ ಮೇಲೆಯೇ ಹಾದುಹೋಗುತ್ತದೆ. ಕಿಟಕಿಯ ಗಾಜುಗಳು ನಡುಗುತ್ತವೆ. ಉಪಾಧ್ಯಾಯರು ಸೀಮೆಸುಣ್ಣ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಸದ್ದು ಅಡಗುವವರೆಗೆ ಕಾಯುತ್ತಾರೆ. ಮತ್ತೆ ಪಾಠ ಮುಂದುವರಿಯುವ ಹೊತ್ತಿಗೆ ಅದರ ಎಳೆ ಎಲ್ಲಿ ಕಡಿದಿತ್ತೆಂಬುದು ಹೇಳುವವರಿಗೂ ಮರೆತಿರುತ್ತದೆ, ಕೇಳುವವರಿಗೂ ಮರೆತಿರುತ್ತದೆ. ವಿಮಾನದಲ್ಲಿ ಕುಳಿತವರಿಗಾದರೋ ಕೆಳಗೊಂದು ಶಾಲೆಯಿದೆ ಎಂಬುದೇ ತಿಳಿಯದು. ಪ್ರಯಾಣದ ಸುಖ ಅವರ ಪಾಲಿಗೆ. ಸದ್ದಿನ ಸಂಕಟ ಇವರ ಪಾಲಿಗೆ.

ಇದು ನ್ಯಾಯವೇ? ಈ ಪ್ರಶ್ನೆಗೆ ಬಹುಕಾಲದಿಂದ ಒಂದು ಸಿದ್ಧ ಉತ್ತರವಿದೆ. ಯಂತ್ರಯುಗದ ಸೌಕರ್ಯಗಳು ಬೇಕಾದರೆ ಯಂತ್ರದ ಸದ್ದನ್ನೂ ಸಹಿಸಬೇಕು. ಪ್ರಗತಿಗೆ ತೆರಬೇಕಾದ ಬೆಲೆ ಅದು ಎಂಬುದೇ ಆ ಉತ್ತರ. ಕೇಳುವುದಕ್ಕೆ ಇದು ಲೋಕಾನುಭವದ ಮಾತಿನಂತೆಯೇ ತೋರುತ್ತದೆ. ಆದರೆ ಜೆಟ್ ವಿಮಾನದ ಸದ್ದನ್ನು ತಗ್ಗಿಸಲು ವಿಜ್ಞಾನಿಗಳೂ ಎಂಜಿನಿಯರುಗಳೂ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಸಿರುವ ಪ್ರಯತ್ನದ ಕಥೆಯನ್ನು ಅರಿತವರಿಗೆ ಈ ಉತ್ತರ ಒಪ್ಪಿಗೆಯಾಗಲಾರದು. ಸದ್ದು ಶಕ್ತಿಯ ಅನಿವಾರ್ಯ ಸಂಗಾತಿಯಲ್ಲ, ಅದನ್ನು ತಗ್ಗಿಸಬಹುದು. ಆದರೆ ತಗ್ಗಿಸಲೇಬೇಕೆಂದು ನೆಲದ ಮೇಲಿರುವವರು ಕೇಳದೆ ಹೋದರೆ ಅದು ತಾನಾಗಿ ಪೂರ್ತಿ ತಗ್ಗುವುದಿಲ್ಲ. ಆ ಕಥೆಯ ಸಾರ ಇಷ್ಟೇ.

ಮನುಷ್ಯನು ಹಾರಲು ಕಲಿತ ಮೊದಲ ದಶಕಗಳಲ್ಲಿ ವಿಮಾನಗಳು ರೆಕ್ಕೆಗಾಲಿಗಳನ್ನು ತಿರುಗಿಸಿಕೊಂಡು ಸಾಗುತ್ತಿದ್ದವು. ಇಂಗ್ಲೆಂಡಿನ ಫ್ರಾಂಕ್ ವಿಟ್ಲ್ ಎಂಬ ತರುಣನು 1930ರಲ್ಲಿ ಜೆಟ್ ಎಂಜಿನ್ನಿನ ಕಲ್ಪನೆಗೆ ಹಕ್ಕುಪತ್ರ ಕೋರಿ ಅರ್ಜಿ ಹಾಕಿದನು. ಜರ್ಮನಿಯ ಹಾನ್ಸ್ ಫಾನ್ ಓಹೈನ್ ರಚಿಸಿದ ಎಂಜಿನ್ನನ್ನು ಹೊತ್ತ ಹೈಂಕೆಲ್ ವಿಮಾನವು 1939ರ ಆಗಸ್ಟ್ 27ರಂದು ಹಾರಿತು. ವಿಟ್ಲನ ಎಂಜಿನ್ನಿನ ವಿಮಾನವು 1941ರ ಮೇ 15ರಂದು ಹಾರಿತು. ಯುದ್ಧ ಮುಗಿದ ಮೇಲೆ ಈ ಹೊಸ ಶಕ್ತಿಯನ್ನು ಪ್ರಯಾಣಿಕರ ಸೇವೆಗೆ ತೊಡಗಿಸಲಾಯಿತು. 1952ರಲ್ಲಿ ಬ್ರಿಟನ್ನಿನ ಕಾಮೆಟ್ ವಿಮಾನ ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಪ್ರಯಾಣಿಕರನ್ನು ಒಯ್ದಿತು. 1958ರಲ್ಲಿ ಅಮೆರಿಕದ ಬೋಯಿಂಗ್ 707 ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿತು. ದಿನಗಟ್ಟಲೆಯ ದಾರಿ ಗಂಟೆಗಳ ದಾರಿಯಾಯಿತು. ಲೋಕವೇ ಬೆರಗಾಯಿತು. ಆದರೆ ಬೆರಗಿನ ಬೆನ್ನಿಗೇ ಬಂದದ್ದು ಆರ್ಭಟ. ನಿಲ್ದಾಣಗಳ ಸುತ್ತ ವಾಸವಾಗಿದ್ದ ಜನ ಅಂಥ ಸದ್ದನ್ನು ಅದುವರೆಗೆ ಕೇಳಿರಲಿಲ್ಲ.

ಈ ಸದ್ದು ಹುಟ್ಟುವುದೆಲ್ಲಿ? ಎಂಜಿನ್ನಿನ ಒಳಗೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಜೆಟ್ ಎಂಜಿನ್ ಮುಂದಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದನ್ನು ಒತ್ತಿ ಸಾಂದ್ರಗೊಳಿಸಿ, ಇಂಧನವನ್ನು ಬೆರೆಸಿ ಉರಿಸುತ್ತದೆ. ಕಾದು ಉಬ್ಬಿದ ಅನಿಲವು ಟರ್ಬೈನನ್ನು ತಿರುಗಿಸಿ ಹಿಂದಿನ ಬಾಯಿಯಿಂದ ರಭಸವಾಗಿ ಹೊರಗೆ ಚಿಮ್ಮುತ್ತದೆ. ಅನಿಲ ಹಿಂದಕ್ಕೆ ಹೋದಂತೆ ವಿಮಾನ ಮುಂದಕ್ಕೆ ಹೋಗುತ್ತದೆ. ಇಷ್ಟರಲ್ಲಿ ಯಂತ್ರದ ಒಳಗೂ ಸದ್ದು ಹುಟ್ಟುವುದುಂಟು. ಆದರೆ ಮೊದಲ ಜೆಟ್ ವಿಮಾನಗಳು ಮೇಲೇರುವಾಗ ಕಿವಿಗೆ ಅಪ್ಪಳಿಸುತ್ತಿದ್ದ ಆ ಮಹಾಘೋಷದ ಬಹುಪಾಲು ಹುಟ್ಟುತ್ತಿದ್ದುದು ಎಂಜಿನ್ನಿನ ಹೊರಗೆ, ಅದರ ಹಿಂದಿನ ಬಯಲಿನಲ್ಲಿ. ರಭಸದಿಂದ ಹೊರಬಿದ್ದ ಅನಿಲವು ಸುತ್ತಲಿನ ನಿಶ್ಚಲವಾದ ಗಾಳಿಗೆ ಉಜ್ಜುತ್ತದೆ. ಉಜ್ಜಿದೆಡೆಯಲ್ಲಿ ಲೆಕ್ಕವಿಲ್ಲದಷ್ಟು ಸುಳಿಗಳು ಏಳುತ್ತವೆ. ಆ ಸುಳಿಗಳು ಒಂದನ್ನೊಂದು ಹೊಸೆದು, ಹರಿದು, ಒಡೆದು ಚೂರಾಗುವಾಗ ಗಾಳಿಯ ಒತ್ತಡ ಏರುಪೇರಾಗುತ್ತದೆ. ಆ ಏರುಪೇರೇ ಸದ್ದು.

ಇದರಿಂದಲೇ ಒಂದು ದೊಡ್ಡ ತೊಡಕು ಉಂಟಾಯಿತು. ಮೋಟಾರು ಗಾಡಿಯ ಹೊಗೆಕೊಳವೆಗೆ ಸೈಲೆನ್ಸರ್ ಜೋಡಿಸಿ ಅದರ ಸದ್ದನ್ನು ಅಡಗಿಸಬಹುದು. ಏಕೆಂದರೆ ಆ ಸದ್ದು ಒಳಗೆ ಹುಟ್ಟಿ ಕೊಳವೆಯ ಮೂಲಕ ಹೊರಗೆ ಬರುತ್ತದೆ. ಜೆಟ್ಟಿನ ಸದ್ದಾದರೋ ಕೊಳವೆಯನ್ನು ಬಿಟ್ಟ ಮೇಲೆ ಹುಟ್ಟುವಂಥದು. ಬಯಲಿಗೆ ಯಾವ ಮುಚ್ಚಳವನ್ನು ಹಾಕುವುದು? ಸದ್ದನ್ನು ಹಿಡಿದು ಕಟ್ಟಿಹಾಕುವ ದಾರಿ ಹೀಗೆ ಮುಚ್ಚಿಹೋಯಿತು. ಅದು ಹುಟ್ಟದಂತೆ ಮಾಡುವ ದಾರಿಯೊಂದೇ ಉಳಿಯಿತು. ಹುಟ್ಟನ್ನು ತಡೆಯಬೇಕಾದರೆ ಹುಟ್ಟಿನ ನಿಯಮ ತಿಳಿದಿರಬೇಕು.

ಆ ನಿಯಮವನ್ನು ತಿಳಿಸಿಕೊಟ್ಟವನು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್. ಗಾಳಿಯ ಹರಿವಿನಿಂದಲೇ ಸದ್ದು ಹೇಗೆ ಹುಟ್ಟುತ್ತದೆಂಬುದನ್ನು ವಿವರಿಸುವ ಆತನ ಪ್ರಬಂಧ 1952ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಬ್ದದ ವೇಗವನ್ನು ಮೀರದ ಜೆಟ್ಟಿನಲ್ಲಿ, ಹೊರಬೀಳುವ ಅನಿಲದ ವೇಗ ಹೆಚ್ಚಿದಂತೆ ಸದ್ದಿನ ಶಕ್ತಿಯು ಆ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಆ ಪ್ರಬಂಧದಿಂದ ಹೊರಟ ಮುಖ್ಯ ಫಲಿತಾಂಶ. ಎಂಟು ಎರಡುಗಳನ್ನು ಒಂದಕ್ಕೊಂದು ಗುಣಿಸುತ್ತ ಹೋದಂತೆ ಇದು. ವೇಗ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟೂ ಆಗುವುದಿಲ್ಲ; 256 ಪಟ್ಟಾಗುತ್ತದೆ!

ಭಯ ಹುಟ್ಟಿಸುವ ಈ ಲೆಕ್ಕದಲ್ಲಿಯೇ ಭರವಸೆಯೂ ಅಡಗಿತ್ತು. ವೇಗ ಎರಡು ಪಟ್ಟಾದಾಗ ಸದ್ದು 256 ಪಟ್ಟಾಗುವುದಾದರೆ, ವೇಗ ಅರ್ಧಕ್ಕೆ ಇಳಿದಾಗ ಅದು 256ರಲ್ಲಿ ಒಂದು ಪಾಲಿಗೆ ಇಳಿಯಬೇಕಷ್ಟೆ. ಆದರೆ ವೇಗವನ್ನು ಇಳಿಸಿದರೆ ವಿಮಾನವನ್ನು ಮುಂದೂಡುವ ನೂಕುಬಲವೂ ಇಳಿದುಹೋಗದೆ? ಇಳಿಯುತ್ತದೆ. ಅದನ್ನು ಸರಿದೂಗಿಸಲು ಅರ್ಧ ವೇಗದಲ್ಲಿ ಎರಡರಷ್ಟು ಗಾಳಿಯನ್ನು ಹಿಂದಕ್ಕೆ ತಳ್ಳಬೇಕು. ನಿಧಾನವಾಗಿ ಸಾಗುವ ಎರಡರಷ್ಟು ಗಾಳಿಗೆ ನಾಲ್ಕರಷ್ಟು ವಿಸ್ತೀರ್ಣದ ಬಾಯಿ ಬೇಕು. ಬಾಯಿ ನಾಲ್ಕರಷ್ಟಾದ ಕಾರಣ ಸದ್ದೂ ಸ್ವಲ್ಪ ಹೆಚ್ಚುತ್ತದೆ. ಇವೆಲ್ಲವನ್ನೂ ಕೂಡಿ ಕಳೆದ ಮೇಲೆಯೂ, ಅಷ್ಟೇ ನೂಕುಬಲಕ್ಕೆ ಸದ್ದಿನ ಶಕ್ತಿ ಮೊದಲಿನ 64ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕಡಿಮೆ ಗಾಳಿಯನ್ನು ಬಿರುಸಾಗಿ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದು ಲೇಸು ಎಂಬುದು ಗಣಿತವೇ ಹೇಳಿದ ನೀತಿ.

ನಿಯಮ ತಿಳಿದೊಡನೆ ಎಂಜಿನ್ ಬದಲಾಗಲಿಲ್ಲ. ಹೊಸ ಎಂಜಿನ್ನನ್ನು ನಿರ್ಮಿಸುವುದು ಒಂದೆರಡು ವರ್ಷದ ಕೆಲಸವಲ್ಲ. ಈ ನಡುವೆ ನ್ಯೂಯಾರ್ಕಿನಲ್ಲಿ ಒಂದು ಮುಖ್ಯವಾದ ಸಂಗತಿ ನಡೆಯಿತು. ಅಲ್ಲಿನ ವಿಮಾನ ನಿಲ್ದಾಣಗಳ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಬಂದರು ಪ್ರಾಧಿಕಾರವು, ಜೆಟ್ ವಿಮಾನಗಳು ಆಗಿನ ದೊಡ್ಡ ರೆಕ್ಕೆಗಾಲಿ ವಿಮಾನಗಳಿಗಿಂತ ಹೆಚ್ಚು ತೊಂದರೆ ಕೊಡಕೂಡದೆಂದು ಪಟ್ಟುಹಿಡಿಯಿತು. ಆದರೆ ತೊಂದರೆಯನ್ನು ಅಳೆಯುವುದು ಹೇಗೆ? ಎರಡು ಸದ್ದುಗಳ ಶಕ್ತಿ ಸಮನಾಗಿದ್ದರೂ ಒಂದು ಕಿವಿಗೆ ಹೆಚ್ಚು ಕರ್ಕಶವಾಗಿರಬಹುದು. ಕಾರ್ಲ್ ಕ್ರೈಟರ್ ಎಂಬ ವಿಜ್ಞಾನಿ ಜನರಿಗೆ ಸದ್ದುಗಳನ್ನು ಕೇಳಿಸಿ, ಅವರಿಗೆ ಯಾವುದು ಎಷ್ಟು ಅಸಹನೀಯವೆಂಬುದನ್ನು ಪರೀಕ್ಷಿಸಿ, ಕೇಳುವವನ ಅನುಭವವನ್ನೇ ಆಧಾರವಾಗಿಟ್ಟುಕೊಂಡ ಹೊಸ ಅಳತೆಯನ್ನು ರೂಪಿಸಿದನು. ಆ ಅಳತೆಯ ಪ್ರಕಾರ 112 ಡೆಸಿಬೆಲ್ ಮೀರಕೂಡದೆಂದು ಮಿತಿ ಗೊತ್ತಾಯಿತು. ಯಂತ್ರದ ಯೋಗ್ಯತೆಯನ್ನು ಅದನ್ನು ನಡೆಸುವವನ ಲಾಭದಿಂದ ಮಾತ್ರವಲ್ಲದೆ, ಅದರ ಸದ್ದು ಕೇಳುವವನ ನೋವಿನಿಂದಲೂ ಅಳೆಯಬೇಕೆಂಬ ವಿವೇಕ ಅಲ್ಲಿ ಮೂಡಿತು.

ಮಿತಿಯಿದೆ ಎಂದಾದ ಮೇಲೆ ಉಪಾಯವೂ ಹೊಳೆಯಿತು. ರೋಲ್ಸ್ ರಾಯ್ಸ್ ಸಂಸ್ಥೆಯ ಎಫ್. ಬಿ. ಗ್ರೇಟ್‌ರೆಕ್ಸ್ ಎಂಬ ಎಂಜಿನಿಯರು ಎಂಜಿನ್ನಿನ ಹಿಂದಿನ ಬಾಯಿಯನ್ನು ದುಂಡಗಿಡುವ ಬದಲು ಹೂವಿನ ಎಸಳುಗಳಂತೆ ಮಡಿಕೆ ಮಡಿಕೆಯಾಗಿ ರೂಪಿಸಿದನು. ಬೋಯಿಂಗ್ 707ರ ಎಂಜಿನ್ನಿಗೆ ಒಂದು ದೊಡ್ಡ ಬಾಯಿಗೆ ಬದಲಾಗಿ ಹಲವು ಸಣ್ಣ ಕೊಳವೆಗಳನ್ನು ಜೋಡಿಸಿದರು. ಹೀಗೆ ಮಾಡಿದಾಗ ಬಿಸಿ ಅನಿಲವು ಸುತ್ತಲಿನ ಗಾಳಿಯೊಡನೆ ಬೇಗ ಬೆರೆತು ತನ್ನ ರಭಸವನ್ನು ಕಳೆದುಕೊಳ್ಳುತ್ತದೆ. ದೊಡ್ಡ ಸುಳಿಗಳ ಸ್ಥಾನದಲ್ಲಿ ಸಣ್ಣ ಸುಳಿಗಳು ಏಳುವುದರಿಂದ ಗುಡುಗಿನಂಥ ಸದ್ದು ಕಡಿಮೆಯಾಗಿ ಕೀರಲು ಸದ್ದು ಹೆಚ್ಚುತ್ತದೆ. ಕೀರಲು ಸದ್ದನ್ನು ವಾತಾವರಣವು ದಾರಿಯಲ್ಲಿಯೇ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದರೆ ಈ ಉಪಾಯ ಪುಕ್ಕಟೆಯಾಗಿ ಸಿಕ್ಕದ್ದಲ್ಲ. ಕೊಳವೆಗಳ ಭಾರ ಹೆಚ್ಚಿತು; ನೂಕುಬಲ ಸ್ವಲ್ಪ ಕುಗ್ಗಿತು; ಇಂಧನ ಹೆಚ್ಚು ಖರ್ಚಾಯಿತು. ರೋಗ ವಾಸಿಯಾಗಲಿಲ್ಲ, ನೋವು ತುಸು ಶಮನವಾಯಿತು ಎನ್ನಬಹುದು.

ನಿಜವಾದ ಮದ್ದು ಬೇರೆಯೇ ಇತ್ತು. ಹಳ್ಳಿಯ ಅಡಿಗೆಮನೆಯಲ್ಲಿ ಒಲೆಯ ಉರಿ ಹೊತ್ತಿಸುವ ಎರಡು ಬಗೆಗಳನ್ನು ನೆನೆಯಬಹುದು. ಊದುಗೊಳವೆಯಿಂದ ಊದಿದರೆ ಕೊಂಚವೇ ಗಾಳಿ ಬಿರುಸಾಗಿ ಹೊರಟು ಬುಸುಗುಟ್ಟುತ್ತದೆ. ಬೀಸಣಿಗೆಯಿಂದ ಬೀಸಿದರೆ ಬಹಳ ಗಾಳಿ ಮೆಲ್ಲಗೆ ಚಲಿಸುತ್ತದೆ. ಸದ್ದು ಕೇಳಿಸುವುದೇ ಇಲ್ಲ. ಮೊದಲ ಜೆಟ್ ಎಂಜಿನ್ನುಗಳು ಊದುಗೊಳವೆಯ ಜಾತಿಯವು. ಅವುಗಳ ಮುಂಭಾಗಕ್ಕೆ ಅಗಲವಾದ ಬೀಸಣಿಗೆಯೊಂದನ್ನು ಜೋಡಿಸಿ, ಒಳಬಂದ ಗಾಳಿಯಲ್ಲಿ ಸ್ವಲ್ಪವನ್ನು ಮಾತ್ರ ಉರಿಯುವ ಕೋಣೆಗೆ ಬಿಟ್ಟು, ಉಳಿದುದನ್ನು ಅದರ ಪಕ್ಕದಿಂದ ಹಾಯಿಸಿ ಹಿಂದಕ್ಕೆ ತಳ್ಳುವುದೇ ಹೊಸ ಬಗೆ. ಪಕ್ಕದಿಂದ ಹಾಯುವ ಈ ದಾರಿಗೆ ಬೈಪಾಸ್ ಎಂದು ಹೆಸರು. ಈ ಕಲ್ಪನೆ ಹೊಸದೇನಲ್ಲ. ವಿಟ್ಲನು 1936ರಲ್ಲಿಯೇ ಇದಕ್ಕೆ ಹಕ್ಕುಪತ್ರ ಕೋರಿದ್ದನು. ಆದರೆ ಅದು ಪ್ರಯಾಣಿಕ ವಿಮಾನಗಳಲ್ಲಿ ನೆಲೆಯೂರಿದ್ದು 1960ರ ಆಸುಪಾಸಿನಲ್ಲಿ. 1970ರ ಜನವರಿಯಲ್ಲಿ ಸೇವೆಗೆ ಬಂದ ಬೋಯಿಂಗ್ 747 ವಿಮಾನದ ಎಂಜಿನ್ನಿನಲ್ಲಿ ಬೀಸಣಿಗೆಯ ವ್ಯಾಸ ಸುಮಾರು 2.4 ಮೀಟರು, ಎಂದರೆ ಆಳೆತ್ತರಕ್ಕೂ ಹೆಚ್ಚು. ಅದರಲ್ಲಿ ಒಳಗಿನ ದಾರಿಯಲ್ಲಿ ಒಂದು ಪಾಲು ಗಾಳಿ ಹೋದರೆ ಪಕ್ಕದ ದಾರಿಯಲ್ಲಿ ಸುಮಾರು ಐದು ಪಾಲು ಹೋಗುತ್ತಿತ್ತು. 2016ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ನಿಯೋ ವಿಮಾನದ ಒಂದು ಬಗೆಯ ಎಂಜಿನ್ನಿನಲ್ಲಿ ಬೀಸಣಿಗೆಗೂ ಟರ್ಬೈನಿಗೂ ನಡುವೆ ಗೇರುಗಳನ್ನಿಟ್ಟು ಬೀಸಣಿಗೆ ಇನ್ನೂ ನಿಧಾನವಾಗಿ ತಿರುಗುವಂತೆ ಮಾಡಿದ್ದಾರೆ. ಅಲ್ಲಿ ಪಕ್ಕದ ಗಾಳಿ ಸುಮಾರು ಹನ್ನೆರಡು ಪಾಲು.

ಇನ್ನೂ ಸಣ್ಣಪುಟ್ಟ ಸುಧಾರಣೆಗಳು ನಡೆದಿವೆ. ಹಿಂದಿನ ಸದ್ದು ಇಳಿದಂತೆ ಮುಂದಿನ ಬೀಸಣಿಗೆಯ ಸದ್ದು ಎದ್ದು ಕೇಳಿಸತೊಡಗಿತು. ಅದನ್ನು ಹೀರಿಕೊಳ್ಳಲು ಎಂಜಿನ್ನಿನ ಹೊದಿಕೆಯ ಒಳಮೈಗೆ ಜೇನುಹಟ್ಟಿನಂಥ ಗೂಡುಗಳನ್ನಿಟ್ಟು ಮೇಲೆ ಸಣ್ಣ ರಂಧ್ರಗಳ ತಗಡನ್ನು ಹೊದಿಸುತ್ತಾರೆ. 2011ರಲ್ಲಿ ಸೇವೆಗೆ ಬಂದ ಬೋಯಿಂಗ್ 787 ವಿಮಾನದ ಎಂಜಿನ್ ಹೊದಿಕೆಯ ಹಿಂದಿನ ಅಂಚು ಗರಗಸದ ಹಲ್ಲುಗಳಂತೆ ಕತ್ತರಿಸಿದಂತಿದೆ. ಒಳಗಿನಿಂದ ಬರುವ ಗಾಳಿಯೂ ಹೊರಗಿನ ಗಾಳಿಯೂ ನಯವಾಗಿ ಬೆರೆಯಲೆಂಬುದು ಇದರ ಉದ್ದೇಶ. ಹಳೆಯ ಮಡಿಕೆಬಾಯಿಯ ಉಪಾಯವೇ ಇಲ್ಲಿ ಹೆಚ್ಚು ಸೂಕ್ಷ್ಮವಾದ ರೂಪದಲ್ಲಿ ಮರಳಿ ಬಂದಿದೆ. ಒಟ್ಟಿನಲ್ಲಿ ಮೊದಲ ಜೆಟ್ ವಿಮಾನಗಳ ಕಾಲಕ್ಕೆ ಹೋಲಿಸಿದರೆ ಸದ್ದು ಸುಮಾರು 20 ಡೆಸಿಬೆಲ್‌ಗಳಷ್ಟು ತಗ್ಗಿದೆಯೆಂದು ಹೇಳುವುದುಂಟು. ಅಂದರೆ ಸದ್ದಿನ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿದಂತಾಯಿತು. ಕಿವಿಗೆ ಕೇಳುವ ಜೋರು ಸುಮಾರು ಕಾಲುಭಾಗಕ್ಕೆ ಇಳಿದಂತಾಯಿತು.

ಈ ಸಮಸ್ಯೆ ಕನ್ನಡ ನಾಡಿನ ವಿಜ್ಞಾನಿಯೊಬ್ಬರ ಗಮನವನ್ನೂ ಸೆಳೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾಗಿದ್ದ ರೊದ್ದಂ ನರಸಿಂಹ ಅವರು 1950ರ ದಶಕದಲ್ಲಿ ಹೆಚ್ಚಿನ ಅಧ್ಯಯನಕ್ಕೆಂದು ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಗೆ ತೆರಳಿದಾಗ ಮೊದಲು ಕೈಗೆತ್ತಿಕೊಂಡದ್ದು ಜೆಟ್ ಎಂಜಿನ್ನಿನ ಸದ್ದನ್ನು ತಗ್ಗಿಸುವ ಪ್ರಶ್ನೆಯನ್ನೇ. 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಮೇಲೇರಿದ ಬಳಿಕ ಅವರ ಸಂಶೋಧನೆ ಬೇರೆ ದಿಕ್ಕಿಗೆ ತಿರುಗಿತು. ಆದರೂ ತಾಯ್ನಾಡಿಗೆ ಮರಳಿದ ಅವರು, ಜೆಟ್ಟಿನ ಸದ್ದಿಗೆ ಮೂಲವಾದ ಗಾಳಿಯ ಸುಳಿಗಳ ಆ ಗಹನವಾದ ಚಲನೆಯನ್ನು ದೀರ್ಘಕಾಲ ಅಧ್ಯಯನ ಮಾಡಿ ಲೋಕಪ್ರಸಿದ್ಧರಾದರು.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತುವುದು ಅಗತ್ಯ. ಬೀಸಣಿಗೆಯ ಎಂಜಿನ್ನನ್ನು ವಿಮಾನ ಸಂಸ್ಥೆಗಳು ಕೊಂಡದ್ದು ನೆಲದ ಮೇಲಿನವರ ಮೇಲಿನ ಕನಿಕರದಿಂದಲೇ? ಹಾಗೆಂದು ಹೇಳಲಾಗದು. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವ ಎಂಜಿನ್ನಿಗೆ ಇಂಧನವೂ ಕಡಿಮೆ ಸಾಕು. ಸದ್ದು ತಗ್ಗಿದ್ದು ಬಹುಮಟ್ಟಿಗೆ ಹಣ ಉಳಿಸುವ ದಾರಿಯಲ್ಲಿ ದೊರೆತ ಪುಣ್ಯಫಲ. ಲಾಭವೂ ನೆಮ್ಮದಿಯೂ ಒಂದೇ ದಾರಿಯಲ್ಲಿ ನಡೆದಾಗ ಎಲ್ಲವೂ ಸುಗಮ. ಅವೆರಡೂ ಬೇರೆ ಬೇರೆ ದಾರಿ ಹಿಡಿದಾಗ ಏನಾಗುತ್ತದೆಂಬುದಕ್ಕೆ ಕಾಂಕಾರ್ಡ್ ವಿಮಾನವೇ ಸಾಕ್ಷಿ.

ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ಕೂಡಿ ನಿರ್ಮಿಸಿದ ಕಾಂಕಾರ್ಡ್ 1976ರ ಜನವರಿಯಲ್ಲಿ ಸೇವೆಗೆ ಬಂದಿತು. ಶಬ್ದದ ವೇಗದ ಎರಡರಷ್ಟು ವೇಗದಲ್ಲಿ ಹಾರುವುದು ಅದರ ಹೆಮ್ಮೆ. ಅಂಥ ವೇಗಕ್ಕೆ ಬೀಸಣಿಗೆ ಒಗ್ಗದು. ಕಿರಿದಾದ, ಬಿರುಸಾದ ಜೆಟ್ಟೇ ಬೇಕು. ಸಾಲದೆಂಬಂತೆ ಮೇಲೇರುವಾಗ ಹೊರಬೀಳುವ ಅನಿಲಕ್ಕೆ ಮತ್ತಷ್ಟು ಇಂಧನವನ್ನು ಚಿಮುಕಿಸಿ ಉರಿಸಬೇಕಾಗಿತ್ತು. ಎಂಟನೆಯ ಘಾತದ ಕಥೆಯನ್ನು ಬಲ್ಲವರಿಗೆ ಅದರ ಆರ್ಭಟ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನ್ಯೂಯಾರ್ಕಿನ ಬಂದರು ಪ್ರಾಧಿಕಾರವು ಅದಕ್ಕೆ ಪ್ರವೇಶವನ್ನು ನಿರಾಕರಿಸಿತು; ನಿಲ್ದಾಣದ ನೆರೆಹೊರೆಯವರು ಪ್ರತಿಭಟಿಸಿದರು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1977ರ ನವೆಂಬರಿನಲ್ಲಿ ಆ ವಿಮಾನ ನ್ಯೂಯಾರ್ಕಿಗೆ ಹಾರತೊಡಗಿತು. ಗೆದ್ದದ್ದು ಕಾಂಕಾರ್ಡ್ ಎಂದು ಆಗ ತೋರಿದ್ದೀತು. ಆದರೆ ಅಲ್ಲಿಂದ ಹೊರಡುವಾಗ ಅದು ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಮಗ್ಗುಲಿಗೆ ತಿರುಗಿ, ಎಂಜಿನ್ನಿನ ಬಲವನ್ನು ತಗ್ಗಿಸಿ, ಮನೆಗಳಿರುವ ಕಡೆಯನ್ನು ಆದಷ್ಟು ತಪ್ಪಿಸಿ ಹಾರಬೇಕಾಗಿತ್ತು. ಜನರು ಎತ್ತಿದ ದನಿಗೆ ಆಕಾಶದ ಅರಸನೂ ತಲೆಬಾಗಬೇಕಾಯಿತು. 2003ರಲ್ಲಿ ಅದರ ಸೇವೆ ಮುಗಿಯಿತು. ಅದಕ್ಕೆ ಸದ್ದೊಂದೇ ಕಾರಣವಲ್ಲ, ನಿಜ; ಆದರೆ ಅದು ಹೋಗಬಹುದಾದ ಊರುಗಳು ಬೆರಳೆಣಿಕೆಯಷ್ಟಾಗಲು ಅದರ ಅಬ್ಬರವೂ ಒಂದು ಕಾರಣವಾಗಿತ್ತು.

ಆದ್ದರಿಂದಲೇ ಶಾಸನ ಬೇಕು. ಅಮೆರಿಕ 1969ರಲ್ಲಿಯೂ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1971ರಲ್ಲಿಯೂ ಹೊಸ ವಿಮಾನಗಳ ಸದ್ದಿಗೆ ಮಿತಿಗಳನ್ನು ವಿಧಿಸಿದವು. ವಿಮಾನ ಮೇಲೇರುವಾಗ ಅದು ಓಟ ಆರಂಭಿಸಿದ ಸ್ಥಳದಿಂದ 6.5 ಕಿಲೋಮೀಟರು ದೂರದಲ್ಲಿ, ಇಳಿಯುವಾಗ ರನ್‌ವೇಯ ಅಂಚಿಗೆ 2 ಕಿಲೋಮೀಟರು ಮೊದಲು, ಮತ್ತು ರನ್‌ವೇಯ ಪಕ್ಕದಲ್ಲಿ, ಹೀಗೆ ಮೂರು ನೆಲೆಗಳಲ್ಲಿ ಸದ್ದನ್ನು ಅಳೆಯುತ್ತಾರೆ. 1990ರಲ್ಲಿ ಅಮೆರಿಕವು, ಹೆಚ್ಚು ಸದ್ದಿನ ಹಳೆಯ ದೊಡ್ಡ ಜೆಟ್ಟುಗಳು 1999ರ ಕೊನೆಯೊಳಗೆ ಸೇವೆಯಿಂದ ಹೊರಗೆ ಹೋಗಬೇಕು, ಇಲ್ಲವೆ ಸುಧಾರಿಸಿಕೊಳ್ಳಬೇಕು ಎಂದು ಶಾಸನ ಮಾಡಿತು. ಅಂತರರಾಷ್ಟ್ರೀಯ ಮಿತಿಗಳು 2006ರಲ್ಲಿ ಒಮ್ಮೆ, 2017ರ ಕೊನೆಯಲ್ಲಿ ಮತ್ತೊಮ್ಮೆ ಬಿಗಿಯಾದವು. ಒಂದೊಂದು ಮಿತಿಯೂ ಎಂಜಿನಿಯರುಗಳಿಗೆ ಒಂದೊಂದು ಹೊಸ ಪ್ರಶ್ನೆಪತ್ರಿಕೆಯಾಯಿತು. ಅವರು ಅದನ್ನು ಬಿಡಿಸಿಯೂ ತೋರಿಸಿದರು.

ಇಷ್ಟಾದರೂ ವಾದ ಹೂಡುವವರಿದ್ದಾರೆ. ವಿಮಾನ ನಿಲ್ದಾಣ ಮೊದಲು ಬಂದಿತು, ಮನೆಗಳು ಆಮೇಲೆ ಬಂದವು; ತಿಳಿದು ತಿಳಿದೂ ಅಲ್ಲಿ ನೆಲೆಸಿದವರು ಸಹಿಸಿಕೊಳ್ಳಲಿ ಎನ್ನುತ್ತಾರೆ ಅವರು. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ನಿಲ್ದಾಣದ ಸುತ್ತ ಮನೆ, ಶಾಲೆ, ಆಸ್ಪತ್ರೆಗಳನ್ನು ಎಗ್ಗಿಲ್ಲದೆ ಕಟ್ಟಲು ಬಿಡುವುದು ಅವಿವೇಕವೇ ಸರಿ. ಆದರೆ ಹಳೆಯ ನಿಲ್ದಾಣಗಳು ಹುಟ್ಟಿದಾಗ ಅಲ್ಲಿ ಇಳಿಯುತ್ತಿದ್ದುವು ಸಣ್ಣ ವಿಮಾನಗಳು, ಅವೂ ದಿನಕ್ಕೆ ಕೆಲವು ಮಾತ್ರ. ಜೆಟ್ಟುಗಳು ಸಾಲುಗಟ್ಟಿದ್ದು ಆಮೇಲೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ತಾನು ಯಾವ ಮನೆಯಲ್ಲಿ ಬೆಳೆಯಬೇಕು, ಯಾವ ಶಾಲೆಯಲ್ಲಿ ಓದಬೇಕು ಎಂಬುದನ್ನು ಯಾವ ಮಗುವೂ ಆರಿಸಿಕೊಂಡಿರುವುದಿಲ್ಲ.

ಸದ್ದು ಮಕ್ಕಳಿಗೆ ಏನು ಮಾಡುತ್ತದೆಂಬುದು ಊಹೆಯ ವಿಷಯವಾಗಿ ಉಳಿದಿಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1992ರ ಮೇ ತಿಂಗಳಲ್ಲಿ ಹಳೆಯ ವಿಮಾನ ನಿಲ್ದಾಣವನ್ನು ಮುಚ್ಚಿ, ನಗರದಿಂದ ದೂರದಲ್ಲಿ ಹೊಸದನ್ನು ತೆರೆದರು. ವಿಜ್ಞಾನಿಗಳು ಈ ಸಂದರ್ಭವನ್ನು ಬಳಸಿಕೊಂಡು ಎರಡೂ ನಿಲ್ದಾಣಗಳ ಬಳಿಯ ಮಕ್ಕಳನ್ನು ಮೊದಲೂ ಆಮೇಲೂ ಪರೀಕ್ಷಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದಿನ ಸಾಮರ್ಥ್ಯವೂ ಜ್ಞಾಪಕಶಕ್ತಿಯೂ ಕುಂದಿದ್ದವು. ಹಳೆಯ ನಿಲ್ದಾಣದ ಬಳಿ ಸದ್ದು ನಿಂತ ಮೇಲೆ ಅಲ್ಲಿನ ಮಕ್ಕಳು ಚೇತರಿಸಿಕೊಂಡಿದ್ದರು. ಬ್ರಿಟನ್, ಹಾಲೆಂಡ್ ಮತ್ತು ಸ್ಪೇನ್ ದೇಶಗಳಲ್ಲಿ ಒಂಬತ್ತು ಹತ್ತು ವರ್ಷ ವಯಸ್ಸಿನ 2,800ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ, ಶಾಲೆಯಲ್ಲಿ ವಿಮಾನದ ಸದ್ದು ಹೆಚ್ಚಿದಂತೆ ಮಕ್ಕಳು ಓದಿದ್ದನ್ನು ಗ್ರಹಿಸುವ ಶಕ್ತಿ ಇಳಿಯುತ್ತದೆಂದು ತೋರಿಸಿತು. ಇದು ಮಕ್ಕಳು ತೆರುತ್ತಿರುವ ಬೆಲೆ. ಈ ಬೆಲೆ ಯಾವ ಪ್ರಯಾಣದ ಚೀಟಿಯಲ್ಲಿಯೂ ಸೇರಿರುವುದಿಲ್ಲ.

ಹಾಗಾದರೆ ನಿಲ್ದಾಣಗಳನ್ನೇ ಊರಾಚೆಗೆ ಸಾಗಿಸಿದರೆ ಸಾಲದೆ? ಬೆಂಗಳೂರು ಆ ಕೆಲಸವನ್ನೂ ಮಾಡಿದೆ. ನಗರ ಬೆಳೆದು ಸುತ್ತುವರಿದಿದ್ದ ಎಚ್.ಎ.ಎಲ್. ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ಸೇವೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ಸಾಗಿತು. ಹಳೆಯ ನಿಲ್ದಾಣದ ನೆರೆಯವರಿಗೆ ಇದರಿಂದ ಸಮಾಧಾನ ದೊರೆತಿರಬೇಕು. ಆದರೆ ಮ್ಯೂನಿಕ್ಕಿನ ಪಾಠವನ್ನು ಮರೆಯಬಾರದು. ಒಂದೆಡೆಯ ಮಕ್ಕಳಿಗೆ ಮರಳಿ ದೊರೆತದ್ದನ್ನು ಅಲ್ಲಿ ಇನ್ನೊಂದೆಡೆಯ ಮಕ್ಕಳು ಕಳೆದುಕೊಂಡರು. ಬಯಲಿನ ನಡುವೆ ಕಟ್ಟಿದ ನಿಲ್ದಾಣದ ಸುತ್ತಲೂ ಹಳ್ಳಿಗಳಿರುತ್ತವೆ. ಕಾಲಕ್ರಮದಲ್ಲಿ ಊರೂ ಅದರತ್ತ ಬೆಳೆಯುತ್ತದೆ. ಸದ್ದನ್ನು ಸಾಗಿಸುವುದು ಬೇರೆ, ಸದ್ದನ್ನು ತಗ್ಗಿಸುವುದು ಬೇರೆ. ನೆರೆಮನೆಯವನ ಅಂಗಳಕ್ಕೆ ಕಸ ಗುಡಿಸಿದ ಮಾತ್ರಕ್ಕೆ ಕಸ ಇಲ್ಲವಾಗುವುದಿಲ್ಲ.

ಕೆಲಸ ಇನ್ನೂ ಮುಗಿದಿಲ್ಲ. ಒಂದೊಂದು ವಿಮಾನದ ಸದ್ದು ಇಳಿದಿದ್ದರೂ ವಿಮಾನಗಳ ಸಂಖ್ಯೆ ಏರುತ್ತಲೇ ಇದೆ. ಹಿಂದೆ ಗಂಟೆಗೊಮ್ಮೆ ಗುಡುಗಿದ ಆಕಾಶ ಈಗ ಕೆಲವೇ ನಿಮಿಷಗಳಿಗೊಮ್ಮೆ ಗೊಣಗುತ್ತಿದ್ದರೆ, ನಿದ್ದೆಗೆಟ್ಟವನಿಗೆ ಲೆಕ್ಕದ ಸಮಾಧಾನ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು ಯೂರೋಪಿಗಾಗಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ರಾತ್ರಿಯ ವೇಳೆ ವಿಮಾನದ ಸದ್ದು ಸರಾಸರಿ 40 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ಸಲಹೆ ಮಾಡಿದೆ. ನಿಲ್ದಾಣಗಳ ನೆರೆಯಲ್ಲಿ ಈ ಗುರಿಯನ್ನು ತಲುಪಬೇಕಾದರೆ ಎಂಜಿನ್ನುಗಳ ಸುಧಾರಣೆ, ರಾತ್ರಿಯ ಹಾರಾಟಕ್ಕೆ ಕಡಿವಾಣ, ಸುತ್ತಲಿನ ಭೂಮಿಯ ಬಳಕೆಯಲ್ಲಿ ದೂರದೃಷ್ಟಿ ಈ ಮೂರೂ ಕೂಡಿ ನಡೆಯಬೇಕು. ಒಂದನ್ನು ನೆಪವಾಗಿಟ್ಟುಕೊಂಡು ಇನ್ನೊಂದನ್ನು ಕೈಬಿಡುವುದು ಸಲ್ಲದು.

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಹಿರಿಯರ ಮಾತು. ಆರ್ಭಟಿಸುತ್ತಿದ್ದ ಹಳೆಯ ಎಂಜಿನ್ನಿಗಿಂತ ಮೆಲ್ಲಗೆ ನುಡಿಯುವ ಹೊಸ ಎಂಜಿನ್ ಹೆಚ್ಚು ಭಾರವನ್ನು ಹೊರುತ್ತದೆ, ಕಡಿಮೆ ಇಂಧನವನ್ನು ಉಣ್ಣುತ್ತದೆ. ಅಬ್ಬರವೇ ಬಲವೆಂದು ತಿಳಿದವರಿಗೆ ವಿಜ್ಞಾನವೇ ಕೊಟ್ಟ ಉತ್ತರ ಅದು. ಆದರೆ ಯಂತ್ರದ ಯೋಗ್ಯತೆಯನ್ನು ಅಳೆಯುವಾಗ ಅದರಲ್ಲಿ ಕುಳಿತವರನ್ನು ಮಾತ್ರ ಕೇಳಿದರೆ ಸಾಲದು. ಅದರ ಕೆಳಗೆ ಬಾಳುವವರನ್ನೂ ಕೇಳಬೇಕು. ಸೀಮೆಸುಣ್ಣ ಹಿಡಿದ ಕೈಯನ್ನು ಮೇಲೆತ್ತಿ ಸದ್ದು ಅಡಗುವವರೆಗೆ ಕಾಯುವ ಆ ಉಪಾಧ್ಯಾಯರು ಕೇಳುತ್ತಿರುವುದು ಯಾರ ದಯೆಯನ್ನೂ ಅಲ್ಲ. ಮಕ್ಕಳಿಗೆ ಸಲ್ಲಬೇಕಾದ ಪಾಠವನ್ನು ಅಡ್ಡಿಯಿಲ್ಲದೆ ಮುಗಿಸುವ ಹಕ್ಕನ್ನು ಮಾತ್ರ.